ದಿನಾ ನೀರು ಹಾಕಿದರೂ ಬಾಡುವ ಗೈಲಾರ್ಡಿಯಾ

ದಿನಾ ನೀರು ಹಾಕಿದರೂ ಗೈಲಾರ್ಡಿಯಾ ಹೂಗಿಡ ಬಾಡುತ್ತಿದೆ, ಕೆಳಗಿನ ಎಲೆಯೂ ಹಳದಿಯಾಗಿದೆ, ಯಾಕೆ ಎಂದು ಕೇಳಿದ್ದೀರಿ. ಹೆಚ್ಚಾಗಿ ಆ ದಿನದಿನದ ನೀರೇ ಕಾರಣ. ಎಲೆ ಹಳದಿಯಾಗಿರುವುದೂ ಇದನ್ನೇ ಹೇಳುತ್ತದೆ. ಸದಾ ಒದ್ದೆಯಿರುವ ಮಣ್ಣಿನಲ್ಲಿ ಗಾಳಿ ಸಿಗದೆ ಬೇರು ಕೊಳೆಯುತ್ತದೆ. ಆಗ ಗಿಡ ನೀರು ಹೀರಲಾರದೆ ಬಾಡುತ್ತದೆ. ನೋಡುವವರಿಗೆ ಬಾಯಾರಿದಂತೆಯೇ ಕಾಣುತ್ತದೆ, ಅಲ್ವಾ?

ಮೊದಲು ಬುಡದ ಪಕ್ಕ 2 ಇಂಚು ಅಗೆದು ಮುಟ್ಟಿ ನೋಡಿ. ಹಸಿಯಿದ್ದರೆ ನೀರು ನಿಲ್ಲಿಸಿ. ವಾರದಲ್ಲಿ ಚೇತರಿಸದಿದ್ದರೆ ಗಿಡವನ್ನು ಮೆಲ್ಲಗೆ ಎತ್ತಿ. ಬೇರು ಗಟ್ಟಿಯಿದ್ದರೆ ದಪ್ಪ ಮರಳು, ಸಣ್ಣ ಜಲ್ಲಿ ಬೆರೆಸಿದ ಎತ್ತರದ ಮಡಿಯಲ್ಲಿ ನೆಡಿ. ಕಪ್ಪಾಗಿ ಮೆತ್ತಗಾಗಿದ್ದರೆ ಉಳಿಯುತ್ತದೆಂದು ಹೇಳಲಾರೆ. ಒಣಗಿದ ಹೂವಿನ ಬೀಜ ಈಗಲೇ ಎತ್ತಿಡಿ, ಅದರಿಂದ ಸುಲಭವಾಗಿ ಹೊಸ ಗಿಡ ಬರುತ್ತದೆ. ಗೊಬ್ಬರ ಬೇಡ, ಸುಮ್ನೆ ಎಲೆ ಜಾಸ್ತಿಯಾಗುತ್ತದೆ. ಬೇರು ಹಿಡಿಯುವ ತನಕ ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು ಕೊಡಿ.