ಆಂಪ್ಲಿಫೈಯರ್ ಪ್ಲೇಟ್ ಮೇಲಿನ ಸಾವಿರ ವ್ಯಾಟ್ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ದಾವಣಗೆರೆ ನಿಟುವಳ್ಳಿಯಲ್ಲಿ ಚಿಕ್ಕದಾಗಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತೇನೆ. 8 ಓಮ್‌ನ ನಾಲ್ಕು ಬಾಕ್ಸ್ ಇವೆ. ಗಣಪತಿ ಹಬ್ಬದೊಳಗೆ ಹೊಸ ಆಂಪ್ಲಿಫೈಯರ್ ತಗೋಬೇಕು. ಒಂದರ ಮೇಲೆ ‘1000 ವ್ಯಾಟ್ ಪೀಕ್, 2 ಓಮ್’ ಅಂತ ದಪ್ಪಕ್ಷರದಲ್ಲಿದೆ. ಇನ್ನೊಂದರಲ್ಲಿ ‘250+250 ವ್ಯಾಟ್ ಆರ್‌ಎಂಎಸ್, 4 ಓಮ್’. ರೇಟು ಹೆಚ್ಚುಕಮ್ಮಿ ಒಂದೇ. ಸಾವಿರದ್ದೇ ತಗೊಳ್ಳಲಾ?

ಉತ್ತರ: ಬೇಡ. 250+250ರದ್ದನ್ನೇ ತಗೊಳ್ಳಿ. ಆ ಸಾವಿರವನ್ನು ಸ್ವಲ್ಪ ಬಿಡಿಸಿ ನೋಡೋಣ.

ಪೀಕ್ ಅಂದರೆ ಅಲೆಯ ತುದಿಯಲ್ಲಿ ಒಂದು ಕ್ಷಣ ಬಂದು ಹೋಗುವ ಪವರ್. ಸೈನ್ ಅಲೆಯಲ್ಲಿ (ಅಳೆಯೋದಕ್ಕೆ ಬಳಸುವ ಶುದ್ಧ ಸ್ವರ) ಅದು ಸರಾಸರಿಯ ಎರಡರಷ್ಟು. ಆರ್‌ಎಂಎಸ್ ಅಂತ ಬರೆಯೋದು ಆ ಸರಾಸರಿಯನ್ನೇ. ಸಾವಿರ ಆಗಲೇ ಐನೂರಕ್ಕೆ ಇಳಿಯಿತು. ‘ಚಾನಲ್‌ಗೆ ಇಷ್ಟು’ ಅಂತ ಬರೆದಿಲ್ಲ ಅಂದರೆ ಎರಡೂ ಚಾನಲ್ ಕೂಡಿಸಿದ ಲೆಕ್ಕ ಅಂತಲೇ ತಿಳಿಯಿರಿ. ಒಂದಕ್ಕೆ 250. ಅದೂ 2 ಓಮ್‌ನಲ್ಲಿ, ಅಂದರೆ ಕರೆಂಟಿಗೆ ಬಾಕ್ಸ್ ಒಡ್ಡುವ ಅಡ್ಡಿ ಅಷ್ಟು ಕಮ್ಮಿ ಇದ್ದಾಗ. ನೀವು ಚಾನಲ್‌ಗೆ ಎರಡೆರಡು ಬಾಕ್ಸ್ ಪ್ಯಾರಲಲ್ ಹಾಕಿದರೆ ಆಗೋದು 4 ಓಮ್. ಅಲ್ಲಿ ಕರೆಂಟು ಕಮ್ಮಿ ಹರಿಯುತ್ತದೆ, ಪವರ್ 125–150ಕ್ಕೆ ಬಂದು ನಿಲ್ಲುತ್ತದೆ. ಡಿಸ್ಟಾರ್ಷನ್, ಅಂದರೆ ದನಿ ಕೆಡುವ ಪ್ರಮಾಣ, ಎಷ್ಟಿದ್ದಾಗ ಅಳೆದರು ಅನ್ನೋದು ಬೇರೆ. 10 ಪರ್ಸೆಂಟ್‌ನಲ್ಲಿ ಅಳೆದಿದ್ದರೆ ಅದು ದನಿ ಒಡೆದುಹೋಗುವ ಮಟ್ಟ. 1 ಪರ್ಸೆಂಟ್‌ಗೆ ಬಂದರೆ ಇನ್ನೂ ಸುಮಾರು ಕಾಲು ಭಾಗ ಹೋಗುತ್ತದೆ. ಕೊನೆಗೆ ಚಾನಲ್‌ಗೆ ನೂರು ವ್ಯಾಟ್ ಉಳಿದರೆ ಪುಣ್ಯ.

250+250ರದ್ದರ ಬಗ್ಗೆಯೂ ಅಂಗಡಿಯವರನ್ನು ಕೇಳಿ. ಎರಡೂ ಚಾನಲ್ ಒಟ್ಟಿಗೆ ಓಡಿಸಿ ಅಳೆದಿದ್ದಾರಾ? ಡಿಸ್ಟಾರ್ಷನ್ ಎಷ್ಟು? ಇದೇ ಗೊಂದಲಕ್ಕೆ ಅಮೆರಿಕದಲ್ಲಿ 1974ರಲ್ಲೇ ಮನೆಬಳಕೆಯ ಆಂಪ್ಲಿಫೈಯರ್‌ಗಳಿಗೆ ನಿಯಮ ತಂದರು. 2024ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು: 8 ಓಮ್, 20ರಿಂದ 20,000 ಹರ್ಟ್ಸ್, ಡಿಸ್ಟಾರ್ಷನ್ 1 ಪರ್ಸೆಂಟ್‌ಗಿಂತ ಕಮ್ಮಿ. ಹೋಲಿಸೋದಾದರೆ ಹೀಗೆ ಹೋಲಿಸಬೇಕು. ‘ಪಿಎಂಪಿಒ’ (ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್) ಅಂತ ಕಂಡರೆ ಮಾತ್ರ ಮುಂದಿನ ಅಂಕಿ ಓದಲೇ ಬೇಡಿ. ಅದನ್ನು ಅಳೆಯೋದಕ್ಕೆ ಒಂದು ಒಪ್ಪಿತ ಪದ್ಧತಿಯೇ ಇಲ್ಲ, ಬರೆದವರ ಧೈರ್ಯದ ಮೇಲೆ ಹೋಗುತ್ತದೆ.

ಅಂಗಡಿಯಲ್ಲೇ ನಿಂತು ಮಾಡಬಹುದಾದ ಪರೀಕ್ಷೆ ಒಂದಿದೆ. ಆಂಪ್ಲಿಫೈಯರ್ ತಿರುಗಿಸಿ, ಕರೆಂಟ್ ವೈರ್ ಪಕ್ಕದ ಫ್ಯೂಸ್ ಎಷ್ಟು ಆಂಪಿಯರ್ ನೋಡಿ. 3 ಅಂತಿದ್ದರೆ 230ರಿಂದ ಗುಣಿಸಿ. 690 ವ್ಯಾಟ್. ಒಳಗೆ ಹೋಗೋದೇ ಇಷ್ಟಾದರೆ ಹೊರಗೆ ಸಾವಿರ ಬಿಡದೆ ಬರೋದು ಹೇಗೆ? ಎಬಿ ಕ್ಲಾಸ್ ಅನ್ನೋ ಹಳೇ ಮಾದರಿ ಸರ್ಕ್ಯೂಟಿನ ಆಂಪ್ ಆದರೆ ಆ 690ರಲ್ಲೂ ಅರ್ಧದ ಹತ್ತಿರ ಹೀಟ್‌ಸಿಂಕ್ ಬಿಸಿ ಮಾಡೋದಕ್ಕೇ ಹೋಗುತ್ತದೆ. ಡಿ ಕ್ಲಾಸ್ ಅನ್ನೋ ಸ್ವಿಚಿಂಗ್ ಮಾದರಿ ಆದರೆ 80–90 ಪರ್ಸೆಂಟ್ ಹೊರಗೆ ಬರುತ್ತದೆ. ಪ್ಲೇಟ್ ಮೇಲಿನ ‘ಪವರ್ ಕನ್ಸಂಪ್ಷನ್’ ಅಂಕಿಯನ್ನು ಮಾತ್ರ ನೆಚ್ಚಬೇಡಿ. ಒಳ್ಳೆ ಕಂಪನಿಗಳೂ ಅದನ್ನು ಪೂರ್ತಿ ಪವರ್‌ನ ಎಂಟನೇ ಒಂದು ಭಾಗದಲ್ಲಿ ಓಡಿಸಿ ಅಳೆಯುವುದುಂಟು.

ಈಗ ಮುಖ್ಯ ವಿಷಯ. ನೂರು ವ್ಯಾಟ್‌ಗೂ ಇನ್ನೂರೈವತ್ತಕ್ಕೂ ಕಿವಿಗೆ ಗೊತ್ತಾಗುವ ವ್ಯತ್ಯಾಸ ಬರೀ 4 ಡೆಸಿಬಲ್. ವ್ಯಾಟ್ ಎರಡರಷ್ಟಾದರೆ 3 ಡೆಸಿಬಲ್, ಹತ್ತರಷ್ಟಾದರೆ 10. ಆ ಹತ್ತು ಬಂದಾಗಷ್ಟೇ ನಮಗೆ ಸದ್ದು ಡಬಲ್ ಆದ ಹಾಗೆ ಅನ್ನಿಸೋದು. ಆದ್ದರಿಂದ ನಿಮ್ಮ ಬಾಕ್ಸ್‌ನ ಸೆನ್ಸಿಟಿವಿಟಿ ನೋಡಿ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಅನ್ನೋದು. 94ರ ಬಾಕ್ಸ್ ಬಿಟ್ಟು 98ರದ್ದು ಹಾಕಿದರೆ ಅದೇ 4 ಡೆಸಿಬಲ್ ಸಿಗುತ್ತದೆ, ಹಳೇ ಆಂಪ್ಲಿಫೈಯರ್‌ನಲ್ಲೇ! ಕೈಯಲ್ಲಿ ದುಡ್ಡು ಕಮ್ಮಿ ಇದ್ದಾಗ ನಾನಂತೂ ಬಾಕ್ಸ್‌ಗೇ ಹಾಕು ಅನ್ನುತ್ತೇನೆ. ಬಯಲಲ್ಲಿ ದೂರ ಡಬಲ್ ಆದ ಹಾಗೆಲ್ಲ 6 ಡೆಸಿಬಲ್ ಕಳೆಯಿರಿ. 97ರ ಬಾಕ್ಸ್‌ಗೆ ನೂರು ವ್ಯಾಟ್ ಕೊಟ್ಟರೂ 16 ಮೀಟರ್ ಆಚೆ ನಿಂತವರಿಗೆ 93 ಡೆಸಿಬಲ್ ಕೇಳಿಸುತ್ತದೆ. ಒಂದು ಓಣಿಯ ಗಣಪತಿಗೆ ಅಷ್ಟು ಜಾಸ್ತೀನೇ ಆಯ್ತು, ಅಲ್ವಾ? ಹೇಗಿದ್ದರೂ ರಾತ್ರಿ ಹತ್ತಕ್ಕೆ ಬಂದ್ ಮಾಡಬೇಕು.

ನಾಲ್ಕೂ ಬಾಕ್ಸ್ ಒಂದೇ ಚಾನಲ್‌ಗೆ ಸಿಕ್ಕಿಸಬೇಡಿ. 2 ಓಮ್ ಆಗಿ ಈ ಆಂಪ್ಲಿಫೈಯರ್ ಕಾಯ್ದು ಪ್ರೊಟೆಕ್ಟ್‌ಗೆ ಹೋಗಿ ತಾನೇ ಬಂದ್ ಆಗುತ್ತದೆ, ಮೆರವಣಿಗೆ ನಡುವೆಯೇ. ದನಿ ಒಡೆಯುತ್ತಿದೆ ಅಂತ ತೋರಿಸುವ ಕೆಂಪು ಕ್ಲಿಪ್ ಲೈಟ್ ಆಗೊಮ್ಮೆ ಈಗೊಮ್ಮೆ ಮಿನುಗಿದರೆ ಪರವಾಗಿಲ್ಲ. ಬಿಡದೆ ಉರಿಯುತ್ತಿದ್ದರೆ ವಾಲ್ಯೂಮ್ ಇಳಿಸಿ, ಇಲ್ಲದಿದ್ದರೆ ಮೊದಲು ಸುಡೋದು ಟ್ವೀಟರ್, ಬಾಕ್ಸ್‌ನೊಳಗಿನ ಕೀರಲು ಸದ್ದಿನ ಚಿಕ್ಕ ಸ್ಪೀಕರ್.

ಪ್ರಶ್ನೆ: ಚಿತ್ರದುರ್ಗದಲ್ಲಿ ಆಟೊದಲ್ಲಿ ಪ್ರಚಾರದ ಕೆಲಸ ಮಾಡುತ್ತೇನೆ. ‘50×4 ವ್ಯಾಟ್’ ಕಾರ್ ಸ್ಟೀರಿಯೊಗೆ 16 ಓಮ್ ಹಾರ್ನ್ ಕೊಟ್ಟೆ. ಮಾತು ರಸ್ತೆ ಆ ಕಡೆಗೂ ಕೇಳಿಸಲ್ಲ. ಸ್ಟೀರಿಯೊ ಡೂಪ್ಲಿಕೇಟಾ?

ಉತ್ತರ: ಇರಲಿಕ್ಕಿಲ್ಲ. ಆ 50 ಬಂದಿದ್ದು ಹೀಗೆ: ಗಾಡಿ ಓಡುವಾಗ ಬ್ಯಾಟರಿ 14.4 ವೋಲ್ಟ್. ಅದರ ವರ್ಗವನ್ನು 4 ಓಮ್‌ನಿಂದ ಭಾಗಿಸಿದರೆ 51.8. ದನಿ ಪೂರ್ತಿ ಒಡೆದು ಚೌಕಾಕಾರದ ಅಲೆ ಆದಾಗ ಸಿಗುವ ಅಂಕಿ ಅದು. ಶುದ್ಧ ದನಿಗೆ ಅದರ ಅರ್ಧವೂ ಕಷ್ಟ. 16 ಓಮ್ ಹಾರ್ನ್‌ಗಂತೂ 6 ವ್ಯಾಟ್ ಸಿಕ್ಕರೆ ಹೆಚ್ಚು. 16 ಓಮ್ ಟ್ಯಾಪ್ (ಹಾರ್ನ್ ವೈರ್ ಸಿಕ್ಕಿಸುವ ಜಾಗ) ಇರುವ 12 ವೋಲ್ಟ್ ಪಿಎ, ಅಂದರೆ ಘೋಷಣೆಗೆ ಬಳಸುವ ಆಂಪ್ಲಿಫೈಯರ್ ತಗೊಳ್ಳಿ. ಅದರೊಳಗಿನ ಟ್ರಾನ್ಸ್‌ಫಾರ್ಮರ್ ಹಾರ್ನ್‌ಗೆ ಬೇಕಾದ ವೋಲ್ಟೇಜ್ ಏರಿಸಿ ಕೊಡುತ್ತದೆ, 30–40 ವ್ಯಾಟ್‌ನದು ಸಾಕು. ಅಲ್ಲಿವರೆಗೆ ಸ್ಟೀರಿಯೊದ ಸ್ಪೀಕರ್ ಮೈನಸ್ ವೈರ್ ಅನ್ನು ಆಟೊದ ಲೋಹದ ಮೈಗೆ ಮಾತ್ರ ತಾಗಿಸಬೇಡಿ. ಒಳಗಿನ ಐಸಿ (ಆಂಪ್ಲಿಫೈಯರ್ ಚಿಪ್) ಹೋಗುತ್ತದೆ.