ಟಂಟಂನಲ್ಲಿ ಕುಳಿತ ಜಾಗ, ಗಾಯ ಮತ್ತು ಪರಿಹಾರ

ಪ್ರಶ್ನೆ: ಮಾನ್ಯರೇ, ಹತ್ತಿ ಬಿಡಿಸುವ ಕೂಲಿಗೆ ಹೊರಟಿದ್ದ ನಮ್ಮ ಅತ್ತಿಗೆಯವರಿದ್ದ ಟಂಟಂಗೆ ಮಸ್ಕಿ–ಸಿಂಧನೂರು ರಸ್ತೆಯಲ್ಲಿ ಹಿಂದಿನಿಂದ ಲಾರಿ ಗುದ್ದಿತು. ಒಳಗೆ ಜಾಗವಿಲ್ಲದೆ ಅವರು ಹಿಂಬದಿಯ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದರು. ಒಂದು ಕಾಲಿನ ಎಲುಬು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿದೆ. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದಲ್ಲಿ ‘ವಿ 34.7’ ಎಂದು ಬರೆದಿದ್ದಾರೆ. ಗಾಡಿಯ ಹೊರಗೆ ಕುಳಿತಿದ್ದರೆಂದು ಅದರ ಅರ್ಥವಂತೆ, ಆದ್ದರಿಂದ ಪರಿಹಾರ ಸಿಗುವುದಿಲ್ಲವಂತೆ. ಇದು ನಿಜವೇ?
— ಓದುಗರೊಬ್ಬರು, ಮಸ್ಕಿ ತಾಲ್ಲೂಕು

ಉತ್ತರ: ಸಂಕೇತದ ಅರ್ಥವನ್ನು ನಿಮಗೆ ಸರಿಯಾಗಿಯೇ ಹೇಳಿದ್ದಾರೆ, ಆದರೆ ಅದರಿಂದ ತೆಗೆದ ತೀರ್ಮಾನ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ‘ವಿ 30’ರಿಂದ ‘ವಿ 39’ರವರೆಗಿನ ಸಂಕೇತಗಳು ಮೂರು ಚಕ್ರದ ಮೋಟಾರು ವಾಹನದಲ್ಲಿದ್ದು ಗಾಯಗೊಂಡವರಿಗೆಂದೇ ಮೀಸಲಾಗಿವೆ. 34 ಎಂದರೆ ಲಾರಿ, ಬಸ್ಸಿನಂಥ ಭಾರಿ ವಾಹನದೊಡನೆ ಆದ ಡಿಕ್ಕಿ. ಕಾರು ಅಥವಾ ಪಿಕಪ್ ಗುದ್ದಿದ್ದರೆ 33 ಎಂದಿರುತ್ತಿತ್ತು. ಚುಕ್ಕೆಯ ನಂತರದ ಅಂಕಿ ಗಾಯಾಳು ಎಲ್ಲಿದ್ದರೆಂಬುದನ್ನು ಹೇಳುತ್ತದೆ: ರಸ್ತೆ ಅಪಘಾತದಲ್ಲಿ ಚಾಲಕನಿಗೆ 5, ಒಳಗಿನ ಪ್ರಯಾಣಿಕರಿಗೆ 6, ಹೊರಭಾಗದಲ್ಲಿದ್ದವರಿಗೆ 7, ಹತ್ತುವಾಗ ಇಳಿಯುವಾಗ ಪೆಟ್ಟಾದವರಿಗೆ 4. ಇದು ಆರೋಗ್ಯದ ಅಂಕಿಅಂಶಕ್ಕಾಗಿ ಮಾಡಿಕೊಂಡ ವ್ಯವಸ್ಥೆಯೇ ಹೊರತು ತಪ್ಪು ಯಾರದೆಂದು ತೀರ್ಮಾನಿಸುವ ಕಾಗದವಲ್ಲ.

ಆದರೂ ವೈದ್ಯರು ಕುಳಿತ ಜಾಗವನ್ನು ಕೇಳಿ ಬರೆದುಕೊಳ್ಳುವುದಕ್ಕೆ ಬಲವಾದ ಕಾರಣವಿದೆ, ಏಕೆಂದರೆ ಈ ಗಾಡಿಯಲ್ಲಿ ಪೆಟ್ಟು ಬೀಳುವ ರೀತಿ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಚಾಲಕನ ಮೊಣಕಾಲಿಗೂ ಎದುರಿನ ವಾಹನಕ್ಕೂ ನಡುವೆ ಇರುವುದು ತೆಳು ತಗಡು ಮಾತ್ರ. ಮುಖಾಮುಖಿ ಡಿಕ್ಕಿಯಲ್ಲಿ ಹ್ಯಾಂಡಲ್ ಅವನ ಎದೆಗೋ ಹೊಟ್ಟೆಗೋ ಒತ್ತುತ್ತದೆ. ಹಿಂದಿನ ಸೀಟಿನವರ ಮುಖ, ಹಲ್ಲು, ದವಡೆ ಚಾಲಕನ ಬೆನ್ನ ಹಿಂದಿನ ಕಬ್ಬಿಣದ ಸರಳಿಗೆ ಬಡಿಯುತ್ತವೆ. ಅಂಚಿನಲ್ಲಿ ಕುಳಿತವರನ್ನು ತಡೆಯಲು ಬಾಗಿಲಿಲ್ಲ, ಬೆಲ್ಟ್ ಇಲ್ಲ. ಮುಂದೆ ಒಂದೇ ಚಕ್ರವಿರುವುದರಿಂದ ತಿರುವಿನಲ್ಲಿ ಗಾಡಿ ಸುಲಭವಾಗಿ ಮಗುಚುತ್ತದೆ, ಆಗ ಸರಳು ಹಿಡಿದು ಹೊರಗೆ ಚಾಚಿದ ಕೈ ಮೊದಲು ಗಾಡಿಯ ಕೆಳಗೆ ಸಿಕ್ಕಿಕೊಳ್ಳುತ್ತದೆ. ಹಲಗೆಯ ಮೇಲೆ ಕುಳಿತವರ ಕಾಲೇ ಲಾರಿಗೆ ಮೊದಲು ತಗಲುವ ಭಾಗ. ನಾಟಿ ಮತ್ತು ಹತ್ತಿಯ ಹಂಗಾಮಿನಲ್ಲಿ ಆ ಹಲಗೆಯ ಮೇಲೆ ಕೂರುವವರು ಹೆಚ್ಚಾಗಿ ಕೊನೆಗೆ ಹತ್ತಿದ ಹೆಣ್ಣುಮಕ್ಕಳು, ಮತ್ತು ಆ ಜಾಗವನ್ನು ಅವರು ಆರಿಸಿಕೊಂಡದ್ದೆಂದು ಹೇಳುವುದು ನ್ಯಾಯವಲ್ಲ.

ಇನ್ನು ಪರಿಹಾರದ ವಿಷಯ. ತಪ್ಪು ಲಾರಿಯವನದಾಗಿದ್ದರೆ ಲಾರಿಯ ವಿಮೆಯ ಮಟ್ಟಿಗೆ ಟಂಟಂನಲ್ಲಿದ್ದವರೆಲ್ಲರೂ ಮೂರನೆಯ ವ್ಯಕ್ತಿಗಳೇ, ಅಂದರೆ ಆ ವಿಮೆ ಮಾಡಿಸಿದವರೂ ಅಲ್ಲದ, ಕಂಪನಿಯೂ ಅಲ್ಲದ ಹೊರಗಿನವರು, ಆದ್ದರಿಂದ ಟಂಟಂನಲ್ಲಿ ಎಷ್ಟು ಜನರಿದ್ದರೆಂಬುದು ಆ ವಿಮಾ ಕಂಪನಿಯ ಹೊಣೆಯನ್ನು ಕಡಿಮೆ ಮಾಡುವುದಿಲ್ಲ. ಟಂಟಂನ ವಿಮೆಯಿಂದಲೇ ಕೇಳಬೇಕಾಗಿ ಬಂದಾಗ ಮಾತ್ರ ಸೀಟಿನ ಲೆಕ್ಕ ಬರುತ್ತದೆ: ಪರವಾನಗಿ ಮೀರಿ ಜನ ತುಂಬಿದ್ದ ಬಸ್ಸಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ, ಮಂಜೂರಾದ ಪರಿಹಾರಗಳಲ್ಲಿ ಅತಿ ದೊಡ್ಡ ಮೊತ್ತಗಳನ್ನು ಕಂಪನಿ ವಿಮೆಯಿದ್ದಷ್ಟು ಸೀಟುಗಳ ಮಟ್ಟಿಗೆ ಠೇವಣಿ ಇಡಬೇಕು, ಅದನ್ನು ಎಲ್ಲರಿಗೂ ಪ್ರಮಾಣದಂತೆ ಹಂಚಬೇಕು, ಉಳಿದದ್ದನ್ನು ಮಾಲೀಕನಿಂದ ವಸೂಲು ಮಾಡಬೇಕು ಎಂದು ಹೇಳಿತು. ಕಾಲು ಹೊರಗಿಟ್ಟು ಕುಳಿತದ್ದೇ ತಪ್ಪೆಂದು ಕಂಪನಿಯ ವಕೀಲರು ವಾದಿಸುವುದು ಬಹುಮಟ್ಟಿಗೆ ಖಚಿತ. ಬೈಕಿನಲ್ಲಿ ಮೂವರು ಕುಳಿತಿದ್ದ ಪ್ರಕರಣದಲ್ಲಿ ಅದೇ ನ್ಯಾಯಾಲಯವು 2020ರಲ್ಲಿ, ನಿಯಮ ಮುರಿದರೆಂಬುದಷ್ಟೇ ಸಾಲದು, ಅದರಿಂದಲೇ ಅಪಘಾತವಾಯಿತು ಅಥವಾ ಪೆಟ್ಟು ಹೆಚ್ಚಿತು ಎಂಬುದು ಸಾಬೀತಾಗಬೇಕು ಎಂದಿತು. ನಿಮ್ಮ ಅತ್ತಿಗೆಯವರ ವಿಷಯದಲ್ಲಿ ಈ ವಾದದಿಂದ ಸ್ವಲ್ಪ ಮೊತ್ತ ಕಡಿತವಾಗಬಹುದು. ಅರ್ಜಿಯೇ ಬಿದ್ದುಹೋಗುತ್ತದೆಂಬ ಭಯ ಬೇಡ.

ಆದ್ದರಿಂದ ಅವರು ಒಳಗೆ ಕುಳಿತಿದ್ದರೆಂದು ಎಲ್ಲಿಯೂ ಬರೆಸಲು ಹೋಗಬೇಡಿ. ಎಫ್‌ಐಆರ್, ಗಾಯದ ಪ್ರಮಾಣಪತ್ರ ಮತ್ತು ಆಸ್ಪತ್ರೆಯ ಕಾಗದ ಒಂದಕ್ಕೊಂದು ಹೊಂದದಿದ್ದರೆ ಆಗುವ ನಷ್ಟ, ಹಲಗೆಯ ಮೇಲೆ ಕುಳಿತದ್ದನ್ನು ಒಪ್ಪಿಕೊಳ್ಳುವುದರಿಂದ ಆಗುವುದಕ್ಕಿಂತ ದೊಡ್ಡದು. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಿ. ನೀವು ವಾಸಿಸುವ ಪ್ರದೇಶದ ನ್ಯಾಯಮಂಡಳಿಯಲ್ಲಿಯೇ ಹಾಕಬಹುದು.

ಪ್ರಶ್ನೆ: ಆಟೊ ಮಗುಚಿದಾಗ ಚಾಲಕನಾದ ನನ್ನ ಮಗನ ಹೊಟ್ಟೆಗೆ ಹ್ಯಾಂಡಲ್ ತಾಗಿತು. ರಕ್ತ ಬಂದಿಲ್ಲವೆಂದು ಮನೆಗೆ ಬಂದುಬಿಟ್ಟಿದ್ದಾನೆ. ತೋರಿಸಲೇಬೇಕೆ?
— ಓದುಗರೊಬ್ಬರು, ಗಂಗಾವತಿ

ಉತ್ತರ: ಇದನ್ನು ಓದಿದ ಕೂಡಲೇ ಕರೆದುಕೊಂಡು ಹೋಗಿ. ಹ್ಯಾಂಡಲಿನ ಪೆಟ್ಟಿಗೆ ಗುಲ್ಮ (ಸ್ಪ್ಲೀನ್) ಅಥವಾ ಯಕೃತ್ತು (ಲಿವರ್) ಸೀಳಿದರೆ ರಕ್ತ ಹೊಟ್ಟೆಯೊಳಗೆ ಸೋರುತ್ತದೆ, ಚರ್ಮದ ಮೇಲೆ ಒಂದು ಕಂದು ಗುರುತಷ್ಟೇ ಕಾಣಬಹುದು, ಕೆಲವೊಮ್ಮೆ ಅದೂ ಇರುವುದಿಲ್ಲ. ಹೊಟ್ಟೆ ಬಿಗಿಯುವುದು, ಎಡ ಭುಜದಲ್ಲಿ ನೋವು, ಮುಖ ಬಿಳಿಚಿಕೊಳ್ಳುವುದು, ಎದ್ದು ನಿಂತಾಗ ತಲೆಸುತ್ತು — ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ, ಊಟ ಮತ್ತು ನೀರು ಕೊಡಬೇಡಿ. ಇವು ಯಾವುವೂ ಇಲ್ಲದಿದ್ದರೂ ಹೊಟ್ಟೆಯ ಸ್ಕ್ಯಾನಿಂಗ್ ಸೌಲಭ್ಯವಿರುವ ಆಸ್ಪತ್ರೆಗೇ ಹೋಗಿ, ಹ್ಯಾಂಡಲ್ ತಾಗಿತೆಂಬುದನ್ನು ವೈದ್ಯರಿಗೆ ಮೊದಲ ಮಾತಿನಲ್ಲಿಯೇ ತಿಳಿಸಿ.