ಗಣಿತ ಅಂದರೆ ಭಯ, ಬಿ.ಎಸ್ಸಿ.ಗೆ ಸಿಬಿಝಡ್ ತಗೊಳ್ಳಲಾ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಹೊಸದುರ್ಗದಲ್ಲಿ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ) ತಗೊಂಡು ಪಿಯುಸಿ ಮುಗಿಸಿದ್ದೀರಿ. ಡಾಕ್ಟರ್, ಇಂಜಿನಿಯರ್ ಎರಡೂ ಬೇಡ, ಬಿ.ಎಸ್ಸಿ. ಮಾಡಬೇಕು. ಗಣಿತ ಕಂಡರೆ ಭಯ, ಅದಕ್ಕೇ ಸಿಬಿಝಡ್, ಅಂದರೆ ಕೆಮಿಸ್ಟ್ರಿ, ಬಾಟನಿ, ಝುವಾಲಜಿ ಕಡೆ ಮನಸ್ಸಿದೆ. ಮನೆಯಲ್ಲೂ ‘ಹುಡುಗಿಗೆ ಬಯಾಲಜಿನೇ ಸರಿ’ ಅಂತಿದ್ದಾರೆ.

ನಾನು ಸಿಬಿಝಡ್ ಓದಿ, ಆಮೇಲೆ ದಾವಣಗೆರೆ ವಿಶ್ವವಿದ್ಯಾಲಯದ ತೋಳಹುಣಸೆ ಕ್ಯಾಂಪಸ್ಸಿನಲ್ಲಿ ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿದವಳು. ಈಗ ಇಲ್ಲೇ ಪಿಯು ಮಕ್ಕಳಿಗೆ ಪಾಠ ಮಾಡುತ್ತೇನೆ. ಬಯಾಲಜಿ ಮೇಲೆ ನನಗೆ ಪ್ರೀತಿ ಜಾಸ್ತಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ನೀವು ಕೊಟ್ಟ ಕಾರಣಕ್ಕೆ ಮಾತ್ರ ಸಿಬಿಝಡ್ ತಗೋಬೇಡಿ.

ಗಣಿತದ ಭಯಕ್ಕೆ ಬಯಾಲಜಿ ಮದ್ದಲ್ಲ. ಪಿಯುಸಿಯಲ್ಲಿ ಚಿತ್ರ ಬರೆದು ಭಾಗ ಗುರುತಿಸಿದರೆ ಮಾರ್ಕ್ಸ್ ಬರುತ್ತದೆ, ನಿಜ. ಮುಂದೆ ಹೋದ ಹಾಗೆ ಕಥೆ ಬೇರೆ. ಜೆನೆಟಿಕ್ಸ್‌ನಲ್ಲಿ ಒಂದು ಗುಂಪಿನಲ್ಲಿ ಯಾವ ಜೀನ್ ಎಷ್ಟಿದೆ ಅಂತ ಲೆಕ್ಕ ಹಾಕುವ ಹಾರ್ಡಿ-ವೈನ್‌ಬರ್ಗ್ ಸೂತ್ರ ಬರುತ್ತದೆ, ಅದು ಹೈಸ್ಕೂಲಿನ ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಬಿಟ್ಟು ಬೇರೇನಲ್ಲ. ಎಂಜೈಮ್ ಎಷ್ಟು ವೇಗವಾಗಿ ಕೆಲಸ ಮಾಡುತ್ತದೆ ಅಂತ ನೋಡೋಕೆ ಮೈಕೇಲಿಸ್-ಮೆಂಟೆನ್ ಸಮೀಕರಣ ಬೇಕು, ಅದನ್ನು ತಲೆಕೆಳಗು ಮಾಡಿ ಸರಳರೇಖೆ ಎಳೆದು ಅದರ ಇಳಿಜಾರು ಕಂಡುಹಿಡಿಯಬೇಕು. ಇನ್ನು ಎಂ.ಎಸ್ಸಿ.ಗೆ ಬಂದರೆ ಸ್ಟ್ಯಾಟಿಸ್ಟಿಕ್ಸ್ ಬಿಟ್ಟು ಒಂದು ಪ್ರಾಜೆಕ್ಟೂ ಮುಗಿಯಲ್ಲ.

ಇನ್ನೊಂದು ವಿಷಯ ಇದೆ, ಇದನ್ನು ಕಾಲೇಜಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಫಿಸಿಕ್ಸ್ ಓದಿದವರು ಆಮೇಲೆ ಬಯಾಲಜಿಗೆ ಬರಬಹುದು, ಬಂದಿದ್ದಾರೆ ಕೂಡ. ವೆಂಕಿ ರಾಮಕೃಷ್ಣನ್ ಬರೋಡಾದಲ್ಲಿ ಫಿಸಿಕ್ಸ್ ಬಿ.ಎಸ್ಸಿ. ಮಾಡಿ, 1976ರಲ್ಲಿ ಅಮೆರಿಕದಲ್ಲಿ ಫಿಸಿಕ್ಸ್‌ನಲ್ಲೇ ಪಿಎಚ್.ಡಿ. ಮುಗಿಸಿ, ಅಷ್ಟಾದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ಬಯಾಲಜಿ ಕಲಿಯೋಕೆ ಕೂತರು. ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮ್‌ನ ರಚನೆಯ ಕೆಲಸಕ್ಕೆ 2009ರಲ್ಲಿ ನೊಬೆಲ್ ಬಂತು, ಅದೂ ಕೆಮಿಸ್ಟ್ರಿಯಲ್ಲಿ! ನಮ್ಮ ಐಐಎಸ್‌ಸಿಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದ ಜಿ.ಎನ್. ರಾಮಚಂದ್ರನ್ ಕೂಡ ಫಿಸಿಕ್ಸ್‌ನವರೇ. ಆದರೆ ಈ ಕಡೆಯಿಂದ ಆ ಕಡೆಗೆ ದಾಟುವುದು ಕಷ್ಟ. ಫಿಸಿಕ್ಸ್ ಎಂ.ಎಸ್ಸಿ.ಗೆ ಸಾಮಾನ್ಯವಾಗಿ ಡಿಗ್ರಿಯಲ್ಲಿ ಫಿಸಿಕ್ಸ್ ಜೊತೆ ಗಣಿತವನ್ನೂ ಕೇಳುತ್ತಾರೆ. ಸಿಬಿಝಡ್‌ನವರಿಗೆ ಅಲ್ಲಿ ಜಾಗ ಇಲ್ಲ. ಅದೂ ಅಲ್ಲದೆ 2021ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು ನಮ್ಮ ರಾಜ್ಯ 2024ರಲ್ಲಿ ಬಿಟ್ಟು, ಮತ್ತೆ ಮೂರು ವರ್ಷ, ಮೂರು ವಿಷಯ ಅಂತ ಮಾಡಿದೆ. ಅಂದರೆ ಈಗ ಬರೆಯುವ ಮೂರು ಹೆಸರಿನ ಜೊತೆಗೇ ಮೂರು ವರ್ಷ ಕಳೆಯಬೇಕು.

ಹಾಗಂತ ದಾರಿ ಜಾಸ್ತಿ ಇದೆ ಅನ್ನೋ ಒಂದೇ ಕಾರಣಕ್ಕೆ ಪಿಸಿಎಂಗೂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಹಾರಬೇಡಿ. ದಿನಾ ಮಾಡುವ ಕೆಲಸ ಹಿಡಿಸಬೇಕು.

ಬಯಾಲಜಿ ಕೆಲಸ ಅಂದರೆ ಹೇಗಿರುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. 2018ರಲ್ಲಿ ನಮ್ಮ ಕಡೆ ಮೆಕ್ಕೆಜೋಳದ ಸುಳಿಯನ್ನು ಒಂದು ಹೊಸ ಹುಳು ತಿನ್ನೋಕೆ ಶುರು ಮಾಡಿತು. ರೈತರಿಗೆ ಅದೂ ಒಂದು ಹುಳ ಅಷ್ಟೇ. ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದವರು ಅದನ್ನು ಹಿಡಿದು ತಂದು ನೋಡಿದರು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂಥ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಚುಕ್ಕೆ. ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತಕ್ಕೆ ಬಂದಿದೆ ಅಂತ ಗೊತ್ತಾಗಿದ್ದು ಹಾಗೆ. ಚುಕ್ಕೆ ನೋಡೋದು, ಎಣಿಸೋದು, ಹೊಲ ಸುತ್ತೋದು, ಮತ್ತೆ ಎಣಿಸೋದು. ಇದು ನಿಮಗೆ ಬೋರ್ ಅನಿಸಿದರೆ ಸಿಬಿಝಡ್ ಬೇಡ. ಇದನ್ನು ಓದುವಾಗ ‘ಆಮೇಲೇನಾಯ್ತು’ ಅನಿಸಿದರೆ ಕಣ್ಣು ಮುಚ್ಚಿ ತಗೊಳ್ಳಿ.

ಪಿಸಿಎಂ ಬೇರೆ ಥರ. ಚಿತ್ರದುರ್ಗದ ಕಡೆ ಗುಡ್ಡಗಳ ಮೇಲೆ ಗಾಳಿಯಂತ್ರ ನೋಡಿರುತ್ತೀರಿ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿ ಸಿಗುವ ಶಕ್ತಿ ಎರಡು ಪಟ್ಟಲ್ಲ, ಎಂಟು ಪಟ್ಟು. ಯಾಕೆ ಅಂತ ಪೆನ್ನು ಹಿಡಿದು ಕೂರುವ ಆಸೆ ಬಂತಾ? ಬಂದಿದ್ದರೆ ನಿಮಗಿರುವುದು ಗಣಿತದ ಭಯ ಅಲ್ಲ, ಪರೀಕ್ಷೆಯ ಭಯ ಇರಬೇಕು.

ಕೆಲಸದ ಲೆಕ್ಕ ಹೇಳುವುದಾದರೆ, ಬಿ.ಎಡ್. ಮಾಡಿ ಮೇಡಂ ಆಗುವವರಿಗೆ ಸರ್ಕಾರಿ ಹೈಸ್ಕೂಲಿನಲ್ಲಿ ಪಿಸಿಎಂ, ಸಿಬಿಝಡ್ ಎರಡಕ್ಕೂ ಬೇರೆ ಬೇರೆ ಹುದ್ದೆ ಇವೆ. ಬರೀ ಸಿಬಿಝಡ್ ಡಿಗ್ರಿ ಇಟ್ಟುಕೊಂಡು ದಾವಣಗೆರೆಯಲ್ಲಿ ಕೆಲಸ ಹುಡುಕುವುದು ಕಷ್ಟ, ಎಂ.ಎಸ್ಸಿ. ಅಥವಾ ಲ್ಯಾಬ್ ತರಬೇತಿ ಬೇಕೇ ಬೇಕು. ಮನೆಯವರಿಗೆ ಇದನ್ನೂ ಹೇಳಿ.

‘ಹುಡುಗಿಗೆ ಬಯಾಲಜಿ’ ಅನ್ನೋ ಮಾತಿಗೆ ನಾನೇನು ಹೇಳಲಿ? ಫಿಸಿಕ್ಸ್ ಲ್ಯಾಬಿನಲ್ಲಿ ಕರೆಂಟ್ ತೋರಿಸುವ ಗ್ಯಾಲ್ವನೋಮೀಟರ್ ಮುಳ್ಳು ಹುಡುಗರ ಕೈಗೆ ಮಾತ್ರ ಅಲ್ಲಾಡುತ್ತದಾ?

ಅರ್ಜಿ ಹಾಕುವ ಮುಂಚೆ ಮೂರನೇ ಸೆಮಿಸ್ಟರಿನ ಹಳೇ ಪ್ರಶ್ನೆಪತ್ರಿಕೆ ಎರಡೂ ಕಡೆಯದ್ದು ತರಿಸಿ ನೋಡಿ. ಮತ್ತೆ ನಿಮಗೆ ಬೇಕಾದ ಕಾಂಬಿನೇಷನ್ ಆ ಕಾಲೇಜಿನಲ್ಲಿ ಈ ವರ್ಷ ನಡೆಯುತ್ತದಾ, ಪಾಠಕ್ಕೆ ಕಾಯಂ ಮೇಷ್ಟ್ರು ಇದ್ದಾರಾ, ಲ್ಯಾಬ್ ವಾರಕ್ಕೆ ಎಷ್ಟು ಸಲ ತೆಗೆಯುತ್ತಾರೆ, ಇದನ್ನು ಆಫೀಸಿನಲ್ಲಿ ಕೇಳಬೇಡಿ. ಎರಡನೇ ವರ್ಷದ ಹುಡುಗಿಯರನ್ನು ಕೇಳಿ.